ಚಾಕುವಿನ ತುದಿ ಕೆಂಪಾದರೆ: ಬೋರ್ಡೋ ಮದ್ದಿನ ಡ್ರಮ್ಮಿನೊಳಗಿನ ರಸಾಯನಶಾಸ್ತ್ರ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮನೆಯ ಅಂಗಳದಲ್ಲಿ ಮೂರು ಪ್ಲಾಸ್ಟಿಕ್ ಡ್ರಮ್ಮುಗಳು ಸಾಲಾಗಿ ನಿಲ್ಲುತ್ತಿದ್ದವು. ಒಂದರಲ್ಲಿ ನೀಲಿ ನೀರು, ಇನ್ನೊಂದರಲ್ಲಿ ಬಿಳಿ ನೀರು, ಮೂರನೆಯದು ಖಾಲಿ. ಅಪ್ಪಯ್ಯ ಎರಡನ್ನೂ ಕೂಡಿಸಿ ತಿಳಿನೀಲಿ ಬಣ್ಣದ ಮದ್ದು ಮಾಡಿದ ಮೇಲೆ, ಹಳೆಯ ಕಬ್ಬಿಣದ ಚಾಕುವೊಂದನ್ನು ಬೂದಿ ಹಾಕಿ ತಿಕ್ಕಿ ತೊಳೆದು ಅದರೊಳಗೆ ಅದ್ದಿ ಹಿಡಿಯುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ತೆಗೆದಾಗ ಅಲಗಿನ ಮೇಲೆ ಇಟ್ಟಿಗೆ ಬಣ್ಣದ ತೆಳು ಲೇಪ ಕಂಡರೆ, ‘ಇನ್ನೂ ಹುಳಿ ಉಳಿದಿದೆ, ಒಂದು ಚೊಂಬು ಸುಣ್ಣದ ನೀರು ತಾ’ ಎನ್ನುತ್ತಿದ್ದರು. ಸುಣ್ಣದ ನೀರು ಬೀಳುತ್ತಿತ್ತು, ಕೋಲಿನಿಂದ ತಿರುವುತ್ತಿದ್ದರು, ಚಾಕು ಮತ್ತೆ ಒಳಗೆ ಹೋಗುತ್ತಿತ್ತು. ಅಲಗು ಹಾಕಿದ ಹಾಗೆಯೇ ಹೊರಬಂದಾಗ ಮದ್ದು ಹೊಡೆಯಲು ಅಪ್ಪಣೆ.

ಅದೇ ವರ್ಷಗಳಲ್ಲಿ ಶಾಲೆಯಲ್ಲಿ ನಾನು ದ್ರಾವಣ, ಸಾರತೆ, ಆಮ್ಲ, ಪ್ರತ್ಯಾಮ್ಲ, ಲವಣ ಎಂಬ ಪದಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಆ ಪಾಠ ಇಡಿಯಾಗಿ ಅಂಗಳದ ಡ್ರಮ್ಮಿನಲ್ಲಿ ನಡೆಯುತ್ತಿದೆ ಎಂದು ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಈಗ ಅದನ್ನು ಡ್ರಮ್ಮಿನ ಪಕ್ಕದಲ್ಲೇ ನಿಂತು ವಿವರಿಸುವ ಆಸೆ. ಅಡಕೆ ತೋಟ ಇಲ್ಲದವರಿಗೂ ಇದು ಅರ್ಥವಾಗುತ್ತದೆ.

ಮದ್ದು ಯಾವುದಕ್ಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಎಳೆಯ ಅಡಕೆ ಕೊಳೆತು ಉದುರುವ ಕೊಳೆರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಶಿಲೀಂಧ್ರದಂಥ ಜೀವಿ. ಮಲೆನಾಡಿನವರು ಹಿಂದೆ ಗೊನೆಗೆ ಕರಡದ ಹುಲ್ಲಿನ ಕೊಟ್ಟೆ (ಹೊದಿಕೆ) ಕಟ್ಟಿ ಮಳೆನೀರನ್ನು ತಡೆಯುತ್ತಿದ್ದರು. ಕೆನಡಾದಿಂದ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಈ ಮದ್ದು, ಅಂದರೆ ಬೋರ್ಡೋ ಮಿಶ್ರಣ, ನಮ್ಮ ತೋಟಗಳಲ್ಲಿ ನೆಲೆಯೂರಿದ್ದರಲ್ಲಿ ಅವರ ಪಾತ್ರ ದೊಡ್ಡದು. ಮಿಶ್ರಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಾಗದ್ದನ್ನು ಬೋರ್ಡೋ ನಗರದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದರು.

ಈಗ ನೀಲಿ ಡ್ರಮ್ಮು. ಮೈಲುತುತ್ತಿನ ಹರಳುಗಳನ್ನು ತಳಕ್ಕೆ ಸುರಿದು ಕಲಕುವ ಬದಲು ಅಪ್ಪಯ್ಯ ಗೋಣಿಯಲ್ಲಿ ಗಂಟು ಕಟ್ಟಿ ನೀರಿನ ಮೇಲ್ಭಾಗದಲ್ಲಿ ತೂಗುಹಾಕುತ್ತಿದ್ದರು. ಗಂಟಿನಿಂದ ಕಡುನೀಲಿ ಎಳೆಗಳು ಹೊಗೆಯಂತೆ ಕೆಳಕ್ಕೆ ಇಳಿಯುವುದನ್ನು ನೋಡುತ್ತ ಕೂರುವುದು ನನಗೆ ಬಲು ಇಷ್ಟದ ಕೆಲಸವಾಗಿತ್ತು. ಕರಗಿದ ಭಾಗ ಬರಿ ನೀರಿಗಿಂತ ಭಾರ. ಅದು ಕೆಳಗಿಳಿದಂತೆ ಹೊಸ ನೀರು ಗಂಟನ್ನು ಮುತ್ತುತ್ತದೆ. ತಳಕ್ಕೆ ಹಾಕಿದ್ದರೆ ಹರಳುಗಳು ತಮ್ಮದೇ ಗಟ್ಟಿ ದ್ರಾವಣದಲ್ಲಿ ಮುಳುಗಿ, ಕರಗಲಾಗದೆ ಕೂರುತ್ತವೆ.

ಕರಗುವುದು ಎಂದರೆ ಮಾಯವಾಗುವುದಲ್ಲ, ಬಿಡಿಯಾಗುವುದು. ಹರಳಿನೊಳಗೆ ತಾಮ್ರದ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಧನ ವಿದ್ಯುದಂಶದಿಂದಲೂ ಸಲ್ಫೇಟ್ ಅಯಾನುಗಳು ಋಣ ವಿದ್ಯುದಂಶದಿಂದಲೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ನೀರಿನ ಅಣುವಿಗೆ ಒಂದು ತುದಿ ಕೊಂಚ ಧನ, ಇನ್ನೊಂದು ಕೊಂಚ ಋಣ. ಅಂಥ ಅಣುಗಳು ಗುಂಪು ಕಟ್ಟಿ ಒಂದೊಂದು ಅಯಾನನ್ನೂ ಸುತ್ತುವರಿದು ಹರಳಿನಿಂದ ಬಿಡಿಸಿಕೊಂಡು ಹೋಗುತ್ತವೆ. ನೀರು ಇಲ್ಲಿ ದ್ರಾವಕ, ಮೈಲುತುತ್ತು ದ್ರಾವ್ಯ, ಎರಡೂ ಸೇರಿ ದ್ರಾವಣ. ತಿಳಿಯಾದ ದ್ರಾವಣವನ್ನು ಎಷ್ಟು ದಿನ ಬಿಟ್ಟರೂ ತಳದಲ್ಲಿ ಏನೂ ಕೂರುವುದಿಲ್ಲ. ಈ ಗುಣವನ್ನು ನೆನಪಿಡಿ, ಪಕ್ಕದ ಡ್ರಮ್ಮಿನಲ್ಲಿ ಇದು ಇಲ್ಲ.

‘ಎಷ್ಟು ಕರಗಿದೆ’ ಎಂಬ ಪ್ರಶ್ನೆಗೆ ಉತ್ತರವೇ ಸಾರತೆ. ತೋಟದವರು ಹೇಳುವ ‘ಶೇಕಡಾ ಒಂದರ ಬೋರ್ಡೋ’ ಎಂದರೆ 100 ಲೀಟರ್ ಮದ್ದಿಗೆ 1 ಕಿಲೋ ಮೈಲುತುತ್ತು, ಅಂದರೆ ಲೀಟರಿಗೆ 10 ಗ್ರಾಂ. ಇಲ್ಲಿ 100 ಲೀಟರ್ ಎನ್ನುವುದು ಕೊನೆಗೆ ಸಿಗುವ ಒಟ್ಟು ಮದ್ದಿನ ಅಳತೆ. ಮೈಲುತುತ್ತನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ ಕೂಡಿಸಬೇಕು. ಎರಡನ್ನೂ ನೂರು ನೂರು ಲೀಟರಿನಲ್ಲಿ ಕದಡಿ ಕೂಡಿಸಿದವರ ಮದ್ದು ಅರ್ಧಕ್ಕೆ ಇಳಿಯುತ್ತದೆ. ಸಾಮಾನು ಅಷ್ಟೇ ಹಾಕಿದ್ದಾರೆ, ದುಡ್ಡೂ ಅಷ್ಟೇ ಖರ್ಚಾಗಿದೆ, ಗೊನೆಯ ಮೇಲೆ ಬೀಳುವ ಪ್ರತಿ ಹನಿಯಲ್ಲಿ ತಾಮ್ರ ಮಾತ್ರ ಅರ್ಧ. ಮೊತ್ತ ಬೇರೆ, ಸಾರತೆ ಬೇರೆ ಎಂಬುದನ್ನು ಇದಕ್ಕಿಂತ ಕಠಿಣವಾಗಿ ಕಲಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಶೇಕಡಾ ಲೆಕ್ಕ ತಕ್ಕಡಿಗೆ ಸಾಕು, ರಾಸಾಯನಿಕ ಕ್ರಿಯೆಗೆ ಸಾಲದು. ಕಣಗಳು ಒಂದಕ್ಕೊಂದು ಕೂಡುವುದು ತೂಕ ನೋಡಿ ಅಲ್ಲ, ಎಣಿಕೆ ನೋಡಿ. ಅಣುಗಳನ್ನು ಒಂದೊಂದಾಗಿ ಎಣಿಸಲಾಗದು; ಅದಕ್ಕಾಗಿ ರಸಾಯನಶಾಸ್ತ್ರಜ್ಞರು ಮಾಡಿಕೊಂಡ ದೊಡ್ಡ ಕಟ್ಟಿನ ಹೆಸರು ಮೋಲ್. ಒಂದು ಡಜನ್ ಎಂದರೆ 12 ಇರುವಂತೆ ಒಂದು ಮೋಲ್ ಎಂದರೆ 6.022 × 10²³ ಕಣಗಳು. ಮೈಲುತುತ್ತಿನ ಒಂದು ಮೋಲ್ ಸುಮಾರು 250 ಗ್ರಾಂ ತೂಗುತ್ತದೆ (ಅದರಲ್ಲಿ 90 ಗ್ರಾಂ ಹರಳಿನೊಳಗೆ ಸಿಕ್ಕಿಕೊಂಡಿರುವ ನೀರು ಎಂಬುದು ಅನೇಕರಿಗೆ ಅಚ್ಚರಿ). ಸುಟ್ಟ ಸುಣ್ಣದ ಒಂದು ಮೋಲ್ ಸುಮಾರು 56 ಗ್ರಾಂ. ಹಾಗಾದರೆ 1 ಕಿಲೋ ಮೈಲುತುತ್ತು 4 ಮೋಲ್, 1 ಕಿಲೋ ಶುದ್ಧ ಸುಟ್ಟ ಸುಣ್ಣ ಹತ್ತಿರ ಹತ್ತಿರ 18 ಮೋಲ್. ತಕ್ಕಡಿಯಲ್ಲಿ ಸರಿಸಮ, ಎಣಿಕೆಯಲ್ಲಿ ನಾಲ್ಕೂವರೆ ಪಟ್ಟು ಅಂತರ. ನಮ್ಮ ಮದ್ದಿನ ಸಾರತೆಯನ್ನು ಮೋಲಿನಲ್ಲಿ ಹೇಳುವುದಾದರೆ ಲೀಟರಿಗೆ 0.04 ಮೋಲ್ ತಾಮ್ರ. ಪ್ರಯೋಗಾಲಯದವರು ಮೊಲಾರಿಟಿ ಎನ್ನುವುದು ಇದಕ್ಕೇ.

ಬಿಳಿ ಡ್ರಮ್ಮಿನ ಕಥೆ ಬೇರೆ. ಸುಟ್ಟ ಸುಣ್ಣದ ಹೆಂಟೆಗಳಿಗೆ ನೀರು ಚಿಮುಕಿಸಿದರೆ ಅವು ಬುಸುಗುಟ್ಟುತ್ತ, ಆವಿ ಬಿಡುತ್ತ ಒಡೆದು ಹಿಟ್ಟಾಗುತ್ತವೆ. ಪಾತ್ರೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಕ್ಯಾಲ್ಸಿಯಂ ಆಕ್ಸೈಡ್ ನೀರನ್ನು ಸೇರಿಸಿಕೊಂಡು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುವ ಕ್ರಿಯೆ ಅದು, ಸಾಮಾನ್ಯ ಮಾತಿನಲ್ಲಿ ಸುಣ್ಣ ಅರಳುವುದು. ಆ ಹಿಟ್ಟನ್ನು ನೀರಿಗೆ ಕದಡಿದರೆ ಹಾಲಿನಂತಾಗುತ್ತದೆ, ತಿಳಿಯಾಗುವುದಿಲ್ಲ. ಕಾರಣ, ಒಂದು ಲೀಟರ್ ನೀರು ಸುಮಾರು 1.7 ಗ್ರಾಂ ಸುಣ್ಣವನ್ನಷ್ಟೇ ಕರಗಿಸಿಕೊಳ್ಳಬಲ್ಲದು. ಅಷ್ಟಾದ ಮೇಲೆ ದ್ರಾವಣ ಪರ್ಯಾಪ್ತ. ಹೆಚ್ಚಿನದು ಕರಗದೆ ತೇಲುತ್ತದೆ, ಕಲಕುವುದನ್ನು ನಿಲ್ಲಿಸಿದರೆ ತಳ ಸೇರುತ್ತದೆ. ಮೈಲುತುತ್ತಾದರೋ ಲೀಟರಿಗೆ 300 ಗ್ರಾಂ ಹಾಕಿದರೂ ಕರಗುತ್ತದೆ. ಇನ್ನೊಂದು ವಿಚಿತ್ರ: ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗಿದರೆ ಸುಣ್ಣ ಕಡಿಮೆ ಕರಗುತ್ತದೆ. ಕುದಿಯುವ ನೀರಿನಲ್ಲಿ ಅದರ ಪಾಲು ಅರ್ಧಕ್ಕಿಂತ ಕೆಳಗೆ.

ಹಾಗಾದರೆ ಬಿಳಿ ಡ್ರಮ್ಮಿನ ಸುಣ್ಣದಲ್ಲಿ ಬಹುಪಾಲು ಕರಗದೇ ಉಳಿದಿದೆ. ಅದು ವ್ಯರ್ಥವಲ್ಲ, ಕಣಜದ ಭತ್ತವಿದ್ದಂತೆ. ಕರಗಿದ್ದು ಕ್ರಿಯೆಯಲ್ಲಿ ಖರ್ಚಾದಂತೆಲ್ಲ ತೇಲುತ್ತಿರುವುದು ಕರಗಿ ಜಾಗ ತುಂಬುತ್ತದೆ.

ಇನ್ನು ಹುಳಿಯ ಮಾತು. ಮೈಲುತುತ್ತಿನ ನೀರಿಗೆ ನೀಲಿ ಲಿಟ್ಮಸ್ ಕಾಗದ ಅದ್ದಿದರೆ ಕೆಂಪಾಗುತ್ತದೆ, ಅದು ಆಮ್ಲೀಯ. ಅದರ ಸೂತ್ರದಲ್ಲಿ ಹೊರಕ್ಕೆ ಬಿಡಬಲ್ಲ ಹೈಡ್ರೋಜನ್ ಇಲ್ಲವಲ್ಲ, ಹುಳಿ ಎಲ್ಲಿಂದ ಬಂತು? ಬಂದದ್ದು ನೀರಿನಿಂದಲೇ. ತಾಮ್ರದ ಅಯಾನು ತನ್ನನ್ನು ಸುತ್ತುವರಿದ ನೀರಿನ ಅಣುಗಳ ಎಲೆಕ್ಟ್ರಾನುಗಳನ್ನು ತನ್ನತ್ತ ಜಗ್ಗುತ್ತದೆ. ಜಗ್ಗಾಟದಲ್ಲಿ ಕೆಲವು ಅಣುಗಳ ಹೈಡ್ರೋಜನ್ ಸಡಿಲಗೊಂಡು ಧನ ಅಯಾನಾಗಿ ಕಳಚಿ ನೀರಿಗೆ ಬೀಳುತ್ತದೆ. ಆಮ್ಲದ ಆಮ್ಲತ್ವ ಇರುವುದು ಆ ಹೈಡ್ರೋಜನ್ ಅಯಾನಿನಲ್ಲಿ. ಆಮ್ಲಗಳು ನೀರಿನಲ್ಲಿ ಹೈಡ್ರೋಜನ್ ಅಯಾನನ್ನೂ ಪ್ರತ್ಯಾಮ್ಲಗಳು ಹೈಡ್ರಾಕ್ಸೈಡ್ ಅಯಾನನ್ನೂ ಕೊಡುತ್ತವೆ ಎಂಬ ತಿಳಿವಳಿಕೆ ಸ್ವೀಡನ್ನಿನ ಅರೇನಿಯಸ್ ಅವರದು. ಕರಗಿದ ವಸ್ತುಗಳು ಅಯಾನುಗಳಾಗಿ ಬಿಡಿಯಾಗುತ್ತವೆ ಎಂದು ವಾದಿಸಿದ ಅವರ 1884ರ ಪ್ರಬಂಧಕ್ಕೆ ಪರೀಕ್ಷಕರು ಕೆಳದರ್ಜೆ ಕೊಟ್ಟಿದ್ದರು. 1903ರಲ್ಲಿ ಅದೇ ವಿಚಾರಕ್ಕೆ ನೊಬೆಲ್ ಬಂತು.

ಈ ಅಯಾನುಗಳ ಸಾರತೆ ಒಂದು ದ್ರಾವಣದಿಂದ ಇನ್ನೊಂದಕ್ಕೆ ಕೋಟ್ಯಂತರ ಪಟ್ಟು ವ್ಯತ್ಯಾಸವಾಗುತ್ತದೆ. ಸೊನ್ನೆಗಳನ್ನು ಬರೆದು ಸುಸ್ತಾಗುವ ಬದಲು ಸೊನ್ನೆಗಳ ಎಣಿಕೆಯನ್ನೇ ಬರೆಯೋಣ ಎಂದು 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಸೋರೆನ್ಸನ್ ಸೂಚಿಸಿದರು. ಅದೇ ಪಿಎಚ್. ಲೀಟರಿಗೆ ಹೈಡ್ರೋಜನ್ ಅಯಾನು 0.0001 ಮೋಲ್ ಇದ್ದರೆ ಪಿಎಚ್ 4, 0.0000001 ಮೋಲ್ ಇದ್ದರೆ 7. ಶುದ್ಧ ನೀರು 7ರಲ್ಲಿ ನಿಲ್ಲುತ್ತದೆ, ಅಲ್ಲಿ ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಸರಿಸಮ. ಅಂಕಿ ಇಳಿದಷ್ಟೂ ಆಮ್ಲತೆ ಹೆಚ್ಚು ಎಂಬ ತಿರುವುಮುರುವು ಮೊದಮೊದಲು ಗೊಂದಲ ಮಾಡುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಇಲ್ಲಿ ಒಂದು ಮೆಟ್ಟಿಲು ಎಂದರೆ ಹತ್ತು ಪಟ್ಟು. ಮೈಲುತುತ್ತಿನ ನೀರಿನ ಪಿಎಚ್ 4ರ ಹತ್ತಿರ. 7ಕ್ಕೆ ಹೋಲಿಸಿದರೆ ಅದರಲ್ಲಿ ಹೈಡ್ರೋಜನ್ ಅಯಾನು ಮೂರು ಪಟ್ಟಲ್ಲ, ಸಾವಿರ ಪಟ್ಟು. ಪರ್ಯಾಪ್ತ ಸುಣ್ಣದ ತಿಳಿನೀರು 12.4, ಅದರಲ್ಲಿ ಹೈಡ್ರಾಕ್ಸೈಡ್ ಶುದ್ಧ ನೀರಿನಲ್ಲಿರುವುದರ ಸುಮಾರು ಎರಡೂವರೆ ಲಕ್ಷ ಪಟ್ಟು.

ಇಲ್ಲಿ ಒಂದು ತೊಡಕನ್ನು ಬಿಡಿಸಬೇಕು. ಓದಿದವರೂ ಇದರಲ್ಲಿ ಸಿಕ್ಕಿಕೊಳ್ಳುವುದನ್ನು ಕಂಡಿದ್ದೇನೆ. ಲೀಟರಿಗೆ ಬರೀ 1.7 ಗ್ರಾಂ ಕರಗುವ ಸುಣ್ಣ ನಾಲಗೆ ಸುಡುವಷ್ಟು ಖಾರ ಹೇಗಾಯಿತು? ವೀಳ್ಯದೆಲೆಗೆ ಕೊಂಚ ಹೆಚ್ಚು ಬಳಿದವರಿಗೆ ಅದು ಗೊತ್ತು. ಉತ್ತರವೆಂದರೆ, ಎಷ್ಟು ಕರಗುತ್ತದೆ ಎಂಬುದು ಒಂದು ಪ್ರಶ್ನೆ, ಕರಗಿದ್ದರಲ್ಲಿ ಎಷ್ಟು ಅಯಾನಾಗಿ ಬಿಡಿಯಾಗುತ್ತದೆ ಎಂಬುದು ಇನ್ನೊಂದು. ಸುಣ್ಣ ಕರಗುವುದು ಕಡಿಮೆ, ಕರಗಿದ್ದು ಹೆಚ್ಚೂಕಡಿಮೆ ಪೂರ್ತಿ ಬಿಡಿಯಾಗಿ ಹೈಡ್ರಾಕ್ಸೈಡ್ ಕೊಡುತ್ತದೆ. ಆದ್ದರಿಂದ ಅದು ಪ್ರಬಲ ಪ್ರತ್ಯಾಮ್ಲ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಇದಕ್ಕೆ ತದ್ವಿರುದ್ಧ. ಅದು ನೀರಿನೊಂದಿಗೆ ಎಷ್ಟು ಬೇಕಾದರೂ ಬೆರೆಯುತ್ತದೆ, ಬಿಡಿಯಾಗುವುದು ಮಾತ್ರ ಅತ್ಯಲ್ಪ. ಲೀಟರಿಗೆ 0.1 ಮೋಲ್ ಅಸಿಟಿಕ್ ಆಮ್ಲ ಹಾಕಿದರೆ ಸಾವಿರ ಅಣುಗಳಲ್ಲಿ ಹದಿಮೂರರಷ್ಟು ಮಾತ್ರ ಹೈಡ್ರೋಜನ್ ಬಿಟ್ಟುಕೊಡುತ್ತವೆ, ಪಿಎಚ್ 2.9. ಅಷ್ಟೇ ಸಾರತೆಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಎಲ್ಲವೂ ಬಿಡುತ್ತವೆ, ಪಿಎಚ್ 1. ಮೊದಲನೆಯದು ದುರ್ಬಲ ಆಮ್ಲ, ಎರಡನೆಯದು ಪ್ರಬಲ ಆಮ್ಲ. ಪ್ರಬಲ ಆಮ್ಲಕ್ಕೆ ನೀರು ಸುರಿದು ಸಾರರಿಕ್ತ ಮಾಡಬಹುದು, ಅದರಿಂದ ಅದು ದುರ್ಬಲ ಆಮ್ಲವಾಗುವುದಿಲ್ಲ. ಬಿಡಿಯಾಗುವ ಸ್ವಭಾವ ಅಣುವಿನದು, ನೀರೆಷ್ಟು ಎಂಬುದು ಮಾತ್ರ ನಮ್ಮ ಕೈಯಲ್ಲಿರುವುದು. ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ಮೇಲಿನ ಎರಡೂ ಆಮ್ಲಗಳ ಒಂದೊಂದು ಲೀಟರನ್ನು ಪೂರ್ತಿ ತಣಿಸಲು ಬೇಕಾಗುವ ಸುಣ್ಣ ಒಂದೇ ಅಳತೆಯದು. ಸುಣ್ಣ ಹೈಡ್ರೋಜನ್ ಅಯಾನನ್ನು ಕಸಿದುಕೊಂಡಂತೆಲ್ಲ ದುರ್ಬಲ ಆಮ್ಲ ಬಚ್ಚಿಟ್ಟುಕೊಂಡದ್ದನ್ನು ಒಂದೊಂದಾಗಿ ಹೊರಕ್ಕೆ ಬಿಡುತ್ತದೆ. ಡ್ರಮ್ಮಿನಲ್ಲಿ ತೇಲುವ ಸುಣ್ಣ ಕರಗಿ ಜಾಗ ತುಂಬುವಂತೆಯೇ.

ಈಗ ಕೂಡಿಸುವ ಹೊತ್ತು. ಸುಣ್ಣದ ಹೈಡ್ರಾಕ್ಸೈಡ್ ಮೊದಲು ಹುಳಿಯ ಹೈಡ್ರೋಜನ್ ಅಯಾನಿನೊಂದಿಗೆ ಸೇರಿ ನೀರಾಗುತ್ತದೆ, ಇದು ತಟಸ್ಥೀಕರಣ. ಅಲ್ಲಿಗೇ ನಿಲ್ಲದೆ ತಾಮ್ರದ ಅಯಾನನ್ನೂ ಹಿಡಿದು, ಸಲ್ಫೇಟಿನ ಒಂದು ಪಾಲನ್ನೂ ಜೊತೆಗೂಡಿಸಿ, ನೀರಿನಲ್ಲಿ ಕರಗದ ತಿಳಿನೀಲಿ ಲೋಳೆಯಂಥ ಕಣಗಳನ್ನು ಕಟ್ಟುತ್ತದೆ. ಉಳಿದ ಸಲ್ಫೇಟ್ ಕ್ಯಾಲ್ಸಿಯಂ ಜೊತೆ ಜಿಪ್ಸಂ ಆಗುತ್ತದೆ. ಕರಗಿದ್ದ ತಾಮ್ರ ಮರಳಿ ಕರಗದ ರೂಪಕ್ಕೆ ಬಂತು. ಮದ್ದು ಎಂದರೆ ಈ ಕಣಗಳೇ.

ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಬೇಕು, ಇಲ್ಲವೇ ಎರಡನ್ನೂ ಒಟ್ಟಿಗೆ ಮೂರನೆಯ ಡ್ರಮ್ಮಿಗೆ ಬಿಡಬೇಕು, ಸುಣ್ಣವನ್ನು ಮೈಲುತುತ್ತಿಗೆ ಸುರಿಯಬಾರದು ಎಂಬ ನಿಯಮಕ್ಕೆ ಕಾರಣ ಈ ಕಣಗಳ ಗಾತ್ರ. ಸುಣ್ಣ ಧಾರಾಳವಾಗಿರುವ ಕಡೆ ತಾಮ್ರ ಹನಿಹನಿಯಾಗಿ ಬಿದ್ದರೆ ಬಿದ್ದಲ್ಲೇ ನುಣ್ಣನೆಯ ಕಣಗಳು ಹುಟ್ಟುತ್ತವೆ, ಎಲೆಗೂ ಕಾಯಿಗೂ ಚೆನ್ನಾಗಿ ಅಂಟುತ್ತವೆ. ಉಲ್ಟಾ ಮಾಡಿದರೆ ಕಣಗಳು ದಪ್ಪವಾಗಿ, ಬೇಗ ತಳ ಸೇರಿ, ಪಂಪಿನ ನಳಿಕೆಯನ್ನೂ ಕಟ್ಟಿಸುತ್ತವೆ. ಎರಡೂ ದ್ರಾವಣ ತೆಳುವಾಗಿರಬೇಕು ಎನ್ನುವುದೂ ಇದಕ್ಕೇ. ಅರಳಿಸಿದ ಸುಣ್ಣ ಪೂರ್ತಿ ತಣಿಯದೆ ಕೂಡಿಸಬಾರದು. ಬಿಸಿಗೆ ತಾಮ್ರದ ಹೈಡ್ರಾಕ್ಸೈಡ್ ಕಪ್ಪು ಆಕ್ಸೈಡ್ ಆಗಿ ಕೆಡುತ್ತದೆ. ಮದ್ದನ್ನು ಅಂದಂದೇ ಹೊಡೆದು ಮುಗಿಸಬೇಕು. ರಾತ್ರಿ ಕಳೆದರೆ ಕಣಗಳು ಬೆಳೆದು ಅಂಟುವ ಗುಣ ಕುಂದುತ್ತದೆ.

ಮೋಲಿನ ಲೆಕ್ಕಕ್ಕೆ ಮರಳೋಣ. 4 ಮೋಲ್ ತಾಮ್ರಕ್ಕೆ 3ರಿಂದ 4 ಮೋಲ್ ಸುಣ್ಣ ಸಾಕು. ಶುದ್ಧ ಸುಟ್ಟ ಸುಣ್ಣವಾದರೆ ಕಾಲು ಕಿಲೋಗೂ ಕಡಿಮೆ. ಮತ್ತೇಕೆ 1 ಕಿಲೋ ಮೈಲುತುತ್ತಿಗೆ 1 ಕಿಲೋ ಸುಣ್ಣ ಎನ್ನುತ್ತಾರೆ? ಅಂಗಡಿಯ ಸುಣ್ಣ ಶುದ್ಧವಲ್ಲ. ಅದಕ್ಕಿಂತ ಹೆಚ್ಚಾಗಿ, ಸುಣ್ಣ ಚೀಲದಲ್ಲೇ ಮುದಿಯಾಗುತ್ತದೆ. ಬಾಯಿ ಬಿಚ್ಚಿಟ್ಟ ಸುಣ್ಣ ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಮೊದಲಿನ ಸುಣ್ಣಕಲ್ಲೇ ಆಗಿಬಿಡುತ್ತದೆ. ಸುಣ್ಣದ ತಿಳಿನೀರನ್ನು ಬಟ್ಟಲಿನಲ್ಲಿ ಬಿಟ್ಟರೆ ಕೆಲವೇ ಹೊತ್ತಿನಲ್ಲಿ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟುತ್ತದಲ್ಲ, ಅದು ಇದೇ. ಆದ್ದರಿಂದ ಕಿಲೋ ಎಂಬುದು ಅಂದಾಜು. ಸಾಕಾಯಿತೇ ಎಂಬುದನ್ನು ತೀರ್ಮಾನಿಸಬೇಕಾದದ್ದು ಚಾಕು.

ಚಾಕು ನಿಜವಾಗಿ ಏನನ್ನು ಪರೀಕ್ಷಿಸುತ್ತದೆ? ಅಪ್ಪಯ್ಯ ‘ಹುಳಿ’ ಎನ್ನುತ್ತಿದ್ದರು, ಆದರೆ ಅದು ಕಾಣಿಸುವುದು ಹುಳಿಯನ್ನಲ್ಲ, ಇನ್ನೂ ಕರಗಿಯೇ ಉಳಿದಿರುವ ತಾಮ್ರವನ್ನು. ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ತಾಮ್ರದ ಅಯಾನಿಗೆ ಕೊಟ್ಟು ತಾನು ಕರಗುತ್ತದೆ. ತಾಮ್ರ ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಕಬ್ಬಿಣದ ಡ್ರಮ್ಮಿನಲ್ಲಿ ಮದ್ದು ಮಾಡಬಾರದು ಎನ್ನುವುದಕ್ಕೂ ಇದೇ ಕಾರಣ. ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಚಾಕುವನ್ನು ಈ ಕೆಲಸಕ್ಕೆ ನಂಬಬಾರದು. ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆ ಕಬ್ಬಿಣವನ್ನು ತಾಮ್ರದಿಂದ ಮರೆಮಾಡುತ್ತದೆ. ಸುಣ್ಣ ಹೆಚ್ಚಿದಂತೆ ಹುಳಿಯೂ ಕರಗಿದ ತಾಮ್ರವೂ ಒಟ್ಟೊಟ್ಟಿಗೆ ಇಳಿಯುವುದರಿಂದ ಅಪ್ಪಯ್ಯನ ಮಾತು ವ್ಯವಹಾರದಲ್ಲಿ ಸರಿಯೇ. ಚೊಂಬು ಚೊಂಬಾಗಿ ಸುರಿದು, ಪ್ರತಿ ಸಲ ಪರೀಕ್ಷಿಸಿ, ಸರಿಯಾದ ಬಿಂದುವಿನಲ್ಲಿ ನಿಲ್ಲಿಸುವ ಈ ಕ್ರಮವನ್ನು ಕಾಲೇಜಿನಲ್ಲಿ ಬ್ಯುರೆಟ್ (ಅಳತೆಯ ಗುರುತಿರುವ ಗಾಜಿನ ಕೊಳವೆ) ಹಿಡಿದು ಮಾಡಿದಾಗ ಟೈಟ್ರೇಷನ್ ಎಂದು ಕರೆದರು. ಹೆಸರು ಕೇಳಿದ ದಿನ ನನಗೆ ಅಂಗಳದ ಕೋಲು ನೆನಪಾಯಿತು.

ಅರಿಶಿನದಿಂದ ಪರೀಕ್ಷೆ ಮಾಡಬಹುದೇ? ಅರ್ಧ ಮಾತ್ರ. ಆರತಿ ತಟ್ಟೆಯ ಅರಿಶಿನದ ನೀರು ಚಿಟಿಕೆ ಸುಣ್ಣಕ್ಕೆ ಓಕುಳಿಯಾಗುವುದು ಎಲ್ಲರೂ ಕಂಡದ್ದೇ. ಅರಿಶಿನದ ಬಣ್ಣದ ಅಣು ಪಿಎಚ್ 7.5 ದಾಟುವಾಗ ಹಳದಿಯಿಂದ ಕೆಂಪಿಗೆ ತಿರುಗಲಾರಂಭಿಸುತ್ತದೆ. ಸುಣ್ಣ ಮಿತಿಮೀರಿದ್ದನ್ನು ಅದು ಹೇಳಬಲ್ಲದು. 7ರಲ್ಲೂ ಹಳದಿ, 4ರಲ್ಲೂ ಹಳದಿಯೇ ಆದ್ದರಿಂದ ಹುಳಿ ಉಳಿದದ್ದನ್ನು ಹೇಳಲಾರದು.

ಇಷ್ಟೆಲ್ಲ ಏಕೆ? ಮೈಲುತುತ್ತಿನ ನೀರನ್ನೇ ನೇರ ಹೊಡೆದರೆ ಕರಗಿದ ತಾಮ್ರ ಒಮ್ಮೆಗೇ ಹೆಚ್ಚು ಸಾರತೆಯಲ್ಲಿ ಸಿಕ್ಕಿ ಎಳೆಗಾಯಿಯ ಸಿಪ್ಪೆಯನ್ನು ಸುಡುತ್ತದೆ, ಮರುದಿನದ ಮಳೆಗೆ ಉಳಿದದ್ದೂ ತೊಳೆದುಹೋಗುತ್ತದೆ. ಕರಗದ ಕಣಗಳು ಸಿಪ್ಪೆಗೆ ಅಂಟಿಕೊಂಡು ಕಾಯುತ್ತವೆ. ಮಳೆಹನಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಬರುವುದರಿಂದ ಅದರ ಪಿಎಚ್ 5.6ರ ಆಸುಪಾಸು, ತುಸು ಹುಳಿ. ಆ ಹುಳಿ ಕಣಗಳಿಂದ ಅತ್ಯಲ್ಪ ತಾಮ್ರವನ್ನು ಬಿಡಿಸುತ್ತದೆ. ಕೊಳೆರೋಗದ ಬೀಜಕಗಳು ಈಜಿ ಬರುವುದು ಸಿಪ್ಪೆಯ ಮೇಲಿನ ಅದೇ ನೀರಿನ ಪದರದಲ್ಲಿ. ಅವುಗಳನ್ನು ಕೊಲ್ಲಲು ಸಾಕಾಗುವಷ್ಟು, ಕಾಯಿಯನ್ನು ಸುಡಲು ಸಾಲದಷ್ಟು ತಾಮ್ರ ಅಲ್ಲಿರುತ್ತದೆ. ಮಳೆ ಬಂದಾಗಲೇ ರೋಗ, ಮಳೆ ಬಂದಾಗಲೇ ಮದ್ದು. ಕಣಗಳು ಸವೆಯುವುದರಿಂದ ನಲವತ್ತು ನಲವತ್ತೈದು ದಿನಕ್ಕೆ ಎರಡನೆಯ ಸಲ ಹೊಡೆಯಬೇಕಾಗುತ್ತದೆ.

ಸವೆದ ತಾಮ್ರ ಹೋಗುವುದು ಬುಡದ ಮಣ್ಣಿಗೆ. ಅದು ಧಾತು, ಕೊಳೆತು ಇಲ್ಲವಾಗುವಂಥದ್ದಲ್ಲ. ವರ್ಷ ವರ್ಷ ಸೇರುತ್ತಲೇ ಹೋಗುತ್ತದೆ. ಬಹುಪಾಲು ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು ಸುಮ್ಮನಿರುತ್ತದೆ, ಆದರೆ ಆ ಸುಮ್ಮನಿರುವಿಕೆ ಪಿಎಚ್ ಮೇಲೆ ನಿಂತಿದೆ. ಬರಿ ತಾಮ್ರದ ಹೈಡ್ರಾಕ್ಸೈಡಿನ ಲೆಕ್ಕ ತೆಗೆದುಕೊಂಡರೆ ಒಂದು ತಾಮ್ರಕ್ಕೆ ಎರಡು ಹೈಡ್ರಾಕ್ಸೈಡ್ ಇರುವುದರಿಂದ ಪಿಎಚ್ ಒಂದು ಮೆಟ್ಟಿಲು ಇಳಿದರೆ ಕರಗಬಲ್ಲ ತಾಮ್ರ ಹತ್ತರ ಹತ್ತು, ನೂರು ಪಟ್ಟು ಏರುತ್ತದೆ. ಮಣ್ಣಿನಲ್ಲಿ ಲೆಕ್ಕ ಅಷ್ಟು ನೇರವಲ್ಲ, ದಿಕ್ಕು ಮಾತ್ರ ಅದೇ. ನಮ್ಮ ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿ. ತೋಟಕ್ಕೆ ಸುಣ್ಣ ಹಾಕುವ ರೂಢಿ ಅದಕ್ಕಾಗಿಯೇ ಬಂದದ್ದು. ಮಣ್ಣು ಪರೀಕ್ಷೆಯ ಕಾರ್ಡಿನಲ್ಲಿ ಪಿಎಚ್ ಒಂದು ಸಾಲಿನಲ್ಲಿರುತ್ತದೆ, ತಾಮ್ರ ಇನ್ನೆಲ್ಲೋ ಕೆಳಗಿರುತ್ತದೆ. ದಶಕಗಳಿಂದ ಮದ್ದು ಹೊಡೆದ ತೋಟದವರು ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ಓದಬೇಕು.